ಕ್ರಾಫ್ಟ್ ಎಂದರೆ ಶಕ್ತಿ

ಅಕೌಂಟ್ಸ್ ನೋಟ್‌ಬುಕ್ಕಿಗೆ ಬೈಂಡ್ ಹಾಕಲು ತಂದ ಬ್ರೌನ್ ಪೇಪರಿನ ಮೇಲೆ ಇಂಗ್ಲಿಷಿನಲ್ಲಿ ‘ಕ್ರಾಫ್ಟ್’ ಎಂದಿತ್ತು, ಆದರೆ ‘ಕೆ’ ಅಕ್ಷರದಿಂದ. ‘ಸಿ’ ಬರಬೇಕಲ್ಲವೇ, ಅಚ್ಚಿನ ತಪ್ಪಿರಬೇಕು ಎಂದುಕೊಂಡೆ. ತಪ್ಪು ನನ್ನದೇ ಆಗಿತ್ತು.

ಜರ್ಮನ್ ಭಾಷೆಯಲ್ಲಿ ‘ಕ್ರಾಫ್ಟ್’ ಎಂದರೆ ಶಕ್ತಿ. ವಿದ್ಯುತ್ ಸ್ಥಾವರಕ್ಕೆ ಅಲ್ಲಿ ‘ಕ್ರಾಫ್ಟ್‌ವೆರ್ಕ್’ ಎನ್ನುತ್ತಾರೆ. 1879ರಲ್ಲಿ ಕಾರ್ಲ್ ಡಾಲ್ ಎಂಬ ರಸಾಯನತಜ್ಞರು ಮರದ ಚೂರು ಬೇಯಿಸಿ, ನಾರಿನ ಬಲ ಹೆಚ್ಚು ಕೆಡದಂತೆ ತಿರುಳು ತೆಗೆಯುವ ವಿಧಾನ ಕಂಡುಹಿಡಿದರು. ಆ ಕಾಗದ ಸುಲಭಕ್ಕೆ ಹರಿಯದು. ಅದಕ್ಕೇ ಈ ಹೆಸರು. ಅಂಗಡಿಗೆ ಸರಕು ಬರುವ ರಟ್ಟಿನ ಪೆಟ್ಟಿಗೆಗೂ ಇದೇ ಕಾಗದ ಬಳಸುತ್ತಾರೆ.

ಇಂಗ್ಲಿಷಿನ ‘ಸಿ’ ಕ್ರಾಫ್ಟ್ ಕೂಡ ಇದೇ ಬೇರಿನದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಶಕ್ತಿ, ಕೌಶಲ ಎರಡೂ ಅರ್ಥಗಳಿದ್ದವು. ಮುಂದೆ ಶಕ್ತಿ ಬಿಟ್ಟುಹೋಗಿ ಕೌಶಲ ಉಳಿಯಿತು. ಅದರಿಂದಲೇ ಬಂದ ‘ಕ್ರಾಫ್ಟಿ’ಗೆ ಈಗ ಕಪಟಿ ಎಂಬ ಅರ್ಥ.

ನಮ್ಮ ಮನೆಯ ಉರ್ದುವಿನಲ್ಲಿ ತಾಕತ್ ಬೇರೆ, ಹುನರ್ ಬೇರೆ. ಅಮ್ಮಿ ಬಟ್ಟೆ ಹೊಲಿದು ನನ್ನ ಫೀಸು ಕಟ್ಟುತ್ತಾರೆ. ಅದನ್ನು ಇಷ್ಟು ದಿನ ಹುನರ್ ಎಂದಷ್ಟೇ ತಿಳಿದಿದ್ದೆ. ತಾಕತ್ ಕೂಡ ಅದೇ ಎಂದು ಈಗ ಅನಿಸುತ್ತಿದೆ.