ಉದುರಿದ ಕೂದಲು ಮತ್ತು ಪ್ರಯೋಗಶಾಲೆಯ ಭರವಸೆ

ಸಹೋದರಿಯರೇ, ತಲೆ ಬಾಚಿದ ನಂತರ ಬಾಚಣಿಗೆಯಲ್ಲುಳಿದ ಕೂದಲನ್ನು ಬೆರಳಿಗೆ ಸುತ್ತಿಕೊಂಡು ಆತಂಕದಿಂದ ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ನಮ್ಮ ನೆತ್ತಿಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಅದರಲ್ಲಿ ದಿನಕ್ಕೆ 50ರಿಂದ 100 ಉದುರುವುದು ಸಹಜ. ಆದರೆ ಬೈತಲೆ ಅಗಲವಾಗುತ್ತಾ ಹೋದರೆ ಯಾವ ಹೆಣ್ಣಿಗೆ ತಾನೇ ನೆಮ್ಮದಿ ಇದ್ದೀತು? "ಹೇಗೂ ಸ್ಕಾರ್ಫಿನೊಳಗಿರುವ ಕೂದಲು, ಯಾರಿಗೆ ಕಾಣುತ್ತದೆ?" ಎಂದು ಸಮಾಧಾನ ಹೇಳುವವರಿದ್ದಾರೆ. ಕನ್ನಡಿಯ ಮುಂದೆ ಒಬ್ಬಳೇ ನಿಂತವಳಿಗೆ ಕಾಣುತ್ತದಲ್ಲ!

ಈ ಸಂಕಟವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಹಿಂದೆ ಎಣ್ಣೆ ಮಾರುತ್ತಿದ್ದ ಜಾಹೀರಾತುಗಳಲ್ಲಿ ಈಗ 'ಸ್ಟೆಮ್ ಸೆಲ್ ಚಿಕಿತ್ಸೆ' ಎಂಬ ದೊಡ್ಡ ಅಕ್ಷರಗಳು ಕಾಣಿಸುತ್ತಿವೆ. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಅಲ್ಲಿ ಸುರಿಯುವ ಮೊದಲು ವಿಜ್ಞಾನ ನಿಜವಾಗಿ ಎಲ್ಲಿಗೆ ತಲುಪಿದೆ ಎಂಬುದನ್ನು ತಿಳಿದುಕೊಳ್ಳಿ.

ಪ್ರತಿಯೊಂದು ಕೂದಲೂ ಚರ್ಮದೊಳಗಿನ ಒಂದು ಪುಟ್ಟ ಚೀಲದಲ್ಲಿ ಬೇರೂರಿರುತ್ತದೆ. ಇದಕ್ಕೆ ರೋಮಕೂಪ ಎನ್ನುತ್ತಾರೆ. ಕೂದಲು ಎರಡರಿಂದ ಆರು ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಾಂತಿ ಪಡೆದು ಉದುರುತ್ತದೆ. ಅದೇ ಕೂಪದಿಂದ ಹೊಸ ಕೂದಲು ಹುಟ್ಟುತ್ತದೆ. ಹೀಗೆ ಮತ್ತೆ ಮತ್ತೆ ಹುಟ್ಟಿಸುವ ಶಕ್ತಿ ಎಲ್ಲಿಂದ ಬರುತ್ತದೆ? 1990ರಲ್ಲಿ ಅಮೆರಿಕದ ಜಾರ್ಜ್ ಕಾಟ್ಸರೆಲಿಸ್ ಮತ್ತು ಸಂಗಡಿಗರು ರೋಮಕೂಪದ ಬದಿಯ ಒಂದು ಉಬ್ಬಿನಲ್ಲಿ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಅಡಗಿರುವುದನ್ನು ತೋರಿಸಿದರು. ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಿವು.

2011ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಇವರ ತಂಡವು ಗಂಡಸರ ಬೋಳು ನೆತ್ತಿಯನ್ನು ಅದೇ ತಲೆಯ ಕೂದಲಿರುವ ಭಾಗದೊಂದಿಗೆ ಹೋಲಿಸಿ ನೋಡಿತು. ಅಚ್ಚರಿಯೆಂದರೆ ಕಾಂಡಕೋಶಗಳ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು! ಅವುಗಳಿಂದ ಹುಟ್ಟಿ ಮುಂದೆ ಕೂದಲಾಗಬೇಕಾದ ಮರಿಕೋಶಗಳು ಮಾತ್ರ ತೀರಾ ಕಡಿಮೆಯಾಗಿದ್ದವು. ಬೀಜ ಇದೆ, ಮೊಳಕೆ ಬರುತ್ತಿಲ್ಲ. ಸಂಶೋಧಕರಲ್ಲಿ ಆಸೆ ಚಿಗುರಿಸಿದ ಸಂಗತಿಗಳಲ್ಲಿ ಇದೂ ಒಂದು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಏಂಜೆಲಾ ಕ್ರಿಸ್ಟಿಯಾನೊ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ತಲೆಯಲ್ಲಿ ಅಲ್ಲಲ್ಲಿ ವೃತ್ತಾಕಾರವಾಗಿ ಕೂದಲು ಉದುರುವ ಅಲೋಪೇಶಿಯಾ ಏರಿಯೇಟಾ ಎಂಬ ತೊಂದರೆ ಸ್ವತಃ ಈ ವಿಜ್ಞಾನಿಗೂ ಬಂದಿತ್ತು. ಅದನ್ನು ಮುಚ್ಚಿಡದೆ, ಅದನ್ನೇ ಅಧ್ಯಯನದ ವಿಷಯವಾಗಿಸಿಕೊಂಡವರು ಅವರು. ಕೂದಲಿನ ಬುಡದಲ್ಲಿ 'ಬೆಳೆ' ಎಂದು ಆಜ್ಞೆ ಕೊಡುವ ಕೆಲವು ಕೋಶಗಳಿವೆ. ಇವನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಅವು ತಟ್ಟೆಯ ಮೇಲೆ ಚಪ್ಪಟೆಯಾಗಿ ಹರಡಿ ತಮ್ಮ ಕೆಲಸವನ್ನೇ ಮರೆತುಬಿಡುತ್ತವೆ. ಕ್ರಿಸ್ಟಿಯಾನೊ ಹಾಗೂ ಇಂಗ್ಲೆಂಡಿನ ಕಾಲಿನ್ ಜಹೋಡಾ ಅವರ ತಂಡವು ಈ ಕೋಶಗಳನ್ನು ತಲೆಕೆಳಗಾಗಿ ತೂಗುವ ಹನಿಗಳಲ್ಲಿ ಬೆಳೆಸಿತು. ಹನಿಯೊಳಗೆ ಅವು ಒಂದಕ್ಕೊಂದು ಅಂಟಿಕೊಂಡು ಉಂಡೆಯಾದವು, ಮರೆತದ್ದನ್ನು ಸ್ವಲ್ಪ ಮಟ್ಟಿಗೆ ನೆನಪಿಸಿಕೊಂಡವು. ಕೂದಲು ಬೆಳೆಯದ ಮಾನವ ಚರ್ಮದಲ್ಲಿ ಆ ಉಂಡೆಗಳನ್ನಿಟ್ಟು, ಚರ್ಮವನ್ನು ಇಲಿಗಳ ಬೆನ್ನಿಗೆ ಕಸಿ ಮಾಡಿದಾಗ, ಏಳು ದಾನಿಗಳ ಪೈಕಿ ಐವರ ಕೋಶಗಳಿಂದ ಹೊಸ ಕೂದಲು ಮೂಡಿತು. ಇದು 2013ರ ಮಾತು.

2019ರಲ್ಲಿ ಅದೇ ಪ್ರಯೋಗಾಲಯ ಮತ್ತೊಂದು ಹೆಜ್ಜೆ ಇಟ್ಟಿತು. ತ್ರಿ-ಡಿ ಮುದ್ರಣ ಯಂತ್ರದಿಂದ ಸಪೂರ ಕಡ್ಡಿಗಳಿರುವ ಅಚ್ಚೊಂದನ್ನು ತಯಾರಿಸಿದರು. ನಾವು ಸೇವಿಗೆಗೆ ಅಚ್ಚು ಬಳಸುವುದಿಲ್ಲವೇ, ಇದು ಅದರ ಉಲ್ಟಾ: ಇಲ್ಲಿ ಅಚ್ಚಿನ ಕಡ್ಡಿಗಳ ಸುತ್ತ ಚರ್ಮ ಬೆಳೆಯುತ್ತದೆ, ಕಡ್ಡಿ ತೆಗೆದ ತೂತುಗಳಲ್ಲಿ ಕೂದಲಿನ ಕೋಶಗಳನ್ನು ನೆಡಲಾಗುತ್ತದೆ. ಸುಮಾರು ಮೂರು ವಾರಗಳಲ್ಲಿ ಅಲ್ಲಿ ಮಾನವ ರೋಮಕೂಪಗಳು ರೂಪುಗೊಂಡವು.

2023ರಲ್ಲಿ ಅಮೆರಿಕದ ರೆನ್ಸೆಲೇರ್ ಪಾಲಿಟೆಕ್ನಿಕ್ ಸಂಸ್ಥೆಯ ಪಂಕಜ್ ಕರಂಡೆ ಅವರ ತಂಡವು ಜೀವಕೋಶ ಮತ್ತು ಪ್ರೋಟೀನುಗಳನ್ನು ಬೆರೆಸಿ ಒಂದು ಬಗೆಯ 'ಶಾಯಿ' ಮಾಡಿ, ಅದನ್ನು ಸೂಜಿಯಿಂದ ಪದರ ಪದರವಾಗಿ ಹಚ್ಚಿ ಚರ್ಮವನ್ನು ಮುದ್ರಿಸಿತು. ಅದರಲ್ಲೇ ರೋಮಕೂಪದ ಕೋಶಗಳನ್ನೂ ಇರಿಸಿತು. ಇದಕ್ಕೆ ಬಯೋಪ್ರಿಂಟಿಂಗ್ ಎನ್ನುತ್ತಾರೆ. ಆದರೆ ಈ ಚರ್ಮ ಬದುಕುವುದು ಎರಡು ಮೂರು ವಾರ ಮಾತ್ರ. ಕೂದಲಿನ ಎಳೆ ಹೊರಬರಲು ಅಷ್ಟು ಸಮಯ ಸಾಲದು. ಅಂದರೆ ಮುದ್ರಿಸಿದ ಕೂದಲನ್ನು ತಲೆಗೆ ನೆಡುವ ಚಿಕಿತ್ಸೆ ಇನ್ನೂ ಬಂದಿಲ್ಲ.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಇದನ್ನು ಸ್ಪಷ್ಟಪಡಿಸಿದೆ. ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟರೆ ಉಳಿದೆಲ್ಲ ಕಾಂಡಕೋಶ ಪ್ರಯೋಗಗಳು ಸಂಶೋಧನೆಯ ಹಂತದವು. ನಿಮ್ಮದೇ ರಕ್ತ ತೆಗೆದು, ತಿರುಗಿಸಿ ಬೇರ್ಪಡಿಸಿ ನೆತ್ತಿಗೆ ಚುಚ್ಚುವ ಪಿಆರ್‌ಪಿಯನ್ನು ಸ್ಟೆಮ್ ಸೆಲ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಬೇರೆ, ಇದು ಬೇರೆ.

ಹಾಗೆಂದು ಈಗ ದಾರಿಯೇ ಇಲ್ಲವೆಂದಲ್ಲ. ಹೆರಿಗೆಯಾದ ಎರಡು ಮೂರು ತಿಂಗಳಿಗೆ, ಟೈಫಾಯಿಡ್, ಡೆಂಗಿ ಜ್ವರಗಳ ನಂತರ ರಾಶಿ ಉದುರುವ ಕೂದಲು ಸಾಮಾನ್ಯವಾಗಿ ತಾನಾಗಿಯೇ ಮರಳುತ್ತದೆ. ಬಾಣಂತಿಯನ್ನು ಹೆದರಿಸಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳನ್ನು ಸಾಮಾನ್ಯ ರಕ್ತಪರೀಕ್ಷೆಯಿಂದಲೇ ಕಂಡುಹಿಡಿಯಬಹುದು. ಮನೆಗೆಲ್ಲ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ತಾಯಂದಿರು ಇದನ್ನೊಮ್ಮೆ ಮಾಡಿಸಿಕೊಳ್ಳಲಿ. ಜಡೆಯನ್ನು ಎಳೆದು ಬಿಗಿಯಾಗಿ ಕಟ್ಟುವುದರಿಂದಲೂ ಹಣೆಯಂಚಿನ ಕೂದಲು ಹೋಗುತ್ತದೆ. ಮಿನಾಕ್ಸಿಡಿಲ್‌ನಂತಹ ಹಚ್ಚುವ ಔಷಧಿಯನ್ನು ಚರ್ಮರೋಗ ತಜ್ಞರನ್ನು ಕೇಳಿಯೇ ಬಳಸಿ, ಗರ್ಭಿಣಿಯರಂತೂ ಮುಟ್ಟಬೇಡಿ. ಅಲೋಪೇಶಿಯಾ ಏರಿಯೇಟಾದ ತೀವ್ರ ಸ್ಥಿತಿಗೆ ಬ್ಯಾರಿಸಿಟಿನಿಬ್ ಎಂಬ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದೆ.

ಇನ್ನೊಂದು ಮಾತು. ಈ ಸಂಶೋಧನೆಯ ಪ್ರಯೋಜನ ಬರೇ ಬೋಳು ತಲೆಗಲ್ಲ. ಅಡುಗೆಮನೆಯ ಬೆಂಕಿಯಲ್ಲಿ ಸುಟ್ಟುಕೊಂಡ ಹೆಣ್ಣುಮಕ್ಕಳನ್ನು ನೀವು ನೋಡಿರಬಹುದು. ಆಳವಾದ ಸುಟ್ಟ ಗಾಯಕ್ಕೆ ತೆಳುವಾಗಿ ಕತ್ತರಿಸಿ ಹಚ್ಚುವ ಚರ್ಮದಲ್ಲಿ ಸಾಮಾನ್ಯವಾಗಿ ಕೂದಲೂ ಬೆಳೆಯುವುದಿಲ್ಲ, ಬೆವರೂ ಸರಿಯಾಗಿ ಬರುವುದಿಲ್ಲ. ಕಾಂಡಕೋಶಗಳಿಂದಲೇ ಕೂದಲಿರುವ ಚರ್ಮ ಬೆಳೆಸಿದ್ದಾಗಿ 2020ರಲ್ಲಿ ಬೋಸ್ಟನ್ನಿನ ಕಾರ್ಲ್ ಕೋಹ್ಲರ್ ಅವರ ತಂಡ ಪ್ರಕಟಿಸಿತು. ಆ ಪುಟ್ಟ ಚರ್ಮದ ತುಣುಕು ಪ್ರಯೋಗಶಾಲೆಯಲ್ಲಿ ಬೆಳೆಯಲು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು.