ಬಾಂಬೋಳಿಯ ಸರದಿ ಎಷ್ಟು ಉದ್ದ? ಗಡಿಯಾಚೆಯವರೂ ಕೇಳಬಹುದು

ಮಾಜಾಳಿ ದಾಟಿ ಪೋಳೆಂ, ಕಾಣಕೋಣ, ಮಡಗಾಂವ್ ಮೂಲಕ ಬಾಂಬೋಳಿಗೆ ಹೋಗುವ ದಾರಿ ಕಾರವಾರ ತಾಲೂಕಿನ ಎಷ್ಟೋ ಮನೆಯವರಿಗೆ ಬಾಯಿಪಾಠ. ಹೃದಯದ ತೊಂದರೆಯಿರಲಿ, ತಲೆಗೆ ಬಿದ್ದ ಪೆಟ್ಟಿರಲಿ, ಮೊದಲು ನೆನಪಾಗುವುದು ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಂದರೆ ಜಿಎಂಸಿ. 2016ರಲ್ಲಿ ಕಾರವಾರದಲ್ಲೇ ವೈದ್ಯಕೀಯ ಕಾಲೇಜು ಆರಂಭವಾದರೂ ಈ ರೂಢಿ ತಪ್ಪಲಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು 2022ರಲ್ಲಿ ಉತ್ತರ ಕನ್ನಡದ ಜನ ದೊಡ್ಡ ಕೂಗು ಎಬ್ಬಿಸಿದ್ದೂ ಇದೇ ಕಾರಣಕ್ಕೆ. ಅತ್ತ ಜೋಯಿಡಾ, ಖಾನಾಪುರದ ಕಡೆಯವರಿಗೂ, ಮಹಾರಾಷ್ಟ್ರದ ಸಿಂಧುದುರ್ಗದವರಿಗೂ ಬಾಂಬೋಳಿ ಹೊಸದಲ್ಲ.

ಯಾವುದೇ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ತುರ್ತು ರೋಗಿಯನ್ನು ಮೊದಲು ನೋಡುತ್ತಾರೆ, ನೋಡಲೇಬೇಕು. ಉಳಿದವರ ಕೈಗೆ ಸಿಗುವುದು ತಾರೀಕು ಬರೆದ ಒಂದು ಚೀಟಿ. ಎಂಆರ್‌ಐಗೆ ಇಂಥ ದಿನ, ಆಪರೇಷನ್ನಿಗೆ ಇಂಥ ತಿಂಗಳು. ಮನೆಯವರ ಲೆಕ್ಕಾಚಾರ ಅಲ್ಲಿಂದಲೇ ಶುರು. ಕಾಯುವುದೋ, ಬಂಗಾರ ಅಡವಿಟ್ಟು ಖಾಸಗಿಯಲ್ಲಿ ಮಾಡಿಸುವುದೋ, ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವುದೋ? ಕಾಯಬೇಕಾದದ್ದು ಮೂರು ವಾರವೋ ಐದು ತಿಂಗಳೋ ಎಂದು ಮೊದಲೇ ತಿಳಿದಿದ್ದರೆ ನಿರ್ಧಾರ ಸುಲಭ. ತಿಳಿಯದಿದ್ದರೆ ಬಸ್ ಚಾರ್ಜು, ಕೂಲಿ, ಜೊತೆಗೆ ಬಂದವರ ಊಟ ಎಲ್ಲವೂ ಮೈಮೇಲೆ.

ಈ ವಿವರವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲು ಮಾಹಿತಿ ಹಕ್ಕು ಕಾಯ್ದೆ ಇದೆ. ಈ ವಿಷಯದಲ್ಲಿ ಗೋವಾ ಹಿಂದುಳಿದ ರಾಜ್ಯವೇನಲ್ಲ. ಕೇಂದ್ರದ ಕಾಯ್ದೆ ಬಂದದ್ದು 2005ರಲ್ಲಿ. ಗೋವಾ 1997ರಲ್ಲೇ ತನ್ನದೇ ಮಾಹಿತಿ ಹಕ್ಕು ಕಾನೂನು ಮಾಡಿಕೊಂಡಿತ್ತು. ಕರ್ನಾಟಕದ್ದು ಬಂದದ್ದು 2000ದಲ್ಲಿ.

"ನಾವು ಗೋವಾದವರಲ್ಲ, ನಮಗೆ ಯಾರು ಉತ್ತರ ಕೊಡುತ್ತಾರೆ?" ಗಡಿ ಹಳ್ಳಿಗಳಲ್ಲಿ ಮೊದಲು ಏಳುವ ಪ್ರಶ್ನೆ ಇದೇ. ಅದಕ್ಕೆ ಕಾರಣವೂ ಇದೆ. 2018ರ ಜನವರಿಯಿಂದ ಜಿಎಂಸಿ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕಲು ಆರಂಭಿಸಿತು. ಗೋವಾದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡು ಅಲ್ಲಿ ಐದು ವರ್ಷ ವಾಸವಿದ್ದವರಿಗೆ ಮಾತ್ರ. ಹಾಗಾಗಿ ಎಲ್ಲದರಲ್ಲೂ ತಾವು ಹೊರಗಿನವರೇ ಎಂದು ಜನ ತಿಳಿದುಕೊಂಡಿದ್ದಾರೆ. ಮಾಹಿತಿಯ ವಿಷಯದಲ್ಲಿ ಅದು ತಪ್ಪು. ಕಾಯ್ದೆಯ 3ನೇ ಕಲಂ ಈ ಹಕ್ಕನ್ನು ಕೊಟ್ಟಿರುವುದು ಭಾರತದ ಎಲ್ಲ ನಾಗರಿಕರಿಗೆ. ಗೋವಾದ ಆಧಾರ್ ವಿಳಾಸವೂ ಬೇಡ, ಗೋವಾದ ರೇಷನ್ ಕಾರ್ಡೂ ಬೇಡ. ಅಂಚೆ ತಲುಪುವ ಒಂದು ವಿಳಾಸ ಇದ್ದರೆ ಸಾಕು. ಯಾಕೆ ಕೇಳುತ್ತಿದ್ದೀರಿ ಎಂದು ಅಧಿಕಾರಿ ಪ್ರಶ್ನಿಸುವಂತೆಯೂ ಇಲ್ಲ.

ಕೇಳುವ ರೀತಿ ಮಾತ್ರ ಗೊತ್ತಿರಬೇಕು. ಅರ್ಜಿಗಳು ಹೆಚ್ಚಾಗಿ ಎಡವುವುದು ಇಲ್ಲೇ. "ನಿಮ್ಮಲ್ಲಿ ಎಂಆರ್‌ಐಗೆ ಯಾಕೆ ಇಷ್ಟು ತಡ?" ಎಂದು ಬರೆದರೆ ಉತ್ತರ ಬರುವ ಭರವಸೆ ಇಲ್ಲ. ಬಾಂಬೆ ಹೈಕೋರ್ಟಿನ ಗೋವಾ ಪೀಠವೇ 2008ರಲ್ಲಿ ಗೋವಾದ ಒಂದು ಪ್ರಕರಣದಲ್ಲಿ ಇದನ್ನು ಹೇಳಿದೆ. ಕಚೇರಿಯಲ್ಲಿರುವ ದಾಖಲೆ ಮಾಹಿತಿಯಾಗುತ್ತದೆ, "ಯಾಕೆ" ಎಂಬ ಪ್ರಶ್ನೆಗೆ ಅಧಿಕಾರಿ ಕೊಡಬೇಕಾದ ಸಮಜಾಯಿಷಿ ಮಾಹಿತಿಯಾಗುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು: ಕಚೇರಿಯಲ್ಲಿ ಇಲ್ಲದ ಮಾಹಿತಿಯನ್ನು ಹೊಸದಾಗಿ ಕಲೆಹಾಕಿ ಕೊಡುವ ಹೊಣೆ ಅಧಿಕಾರಿಗಿಲ್ಲ. ಅಂದರೆ "ಸರಾಸರಿ ಎಷ್ಟು ದಿನ ಕಾಯಬೇಕು?" ಎಂದು ಕೇಳಿ, ಅಂಥ ಲೆಕ್ಕವನ್ನು ಆಸ್ಪತ್ರೆ ಇಟ್ಟಿರದಿದ್ದರೆ, "ಮಾಹಿತಿ ಲಭ್ಯವಿಲ್ಲ" ಎಂಬ ಒಂದು ಸಾಲಿನಲ್ಲಿ ವಿಷಯ ಮುಗಿಯುತ್ತದೆ. ಕಾನೂನಿನ ಪ್ರಕಾರ ಅದು ಸರಿಯಾದ ಉತ್ತರವೇ.

ಸರಾಸರಿ ಇಲ್ಲದಿರಬಹುದು, ಆದರೆ ತಾರೀಕುಗಳು ಇರಲೇಬೇಕಲ್ಲ! ವೈದ್ಯರು ಸ್ಕ್ಯಾನಿಂಗ್ ಬರೆದುಕೊಟ್ಟ ದಿನ ಒಂದು, ಸ್ಕ್ಯಾನಿಂಗ್ ಆದ ದಿನ ಇನ್ನೊಂದು. ಆಪರೇಷನ್ನಿಗೂ ಹಾಗೆಯೇ, ಹೆಸರು ಬರೆದುಕೊಂಡ ದಿನ ಮತ್ತು ಥಿಯೇಟರ್ ರಿಜಿಸ್ಟರಿನಲ್ಲಿರುವ ದಿನ. ಕೇಳಬೇಕಾದದ್ದು ಈ ಎರಡು ತಾರೀಕು. ಅರ್ಜಿಯಲ್ಲಿ ಹೀಗೆ ಬರೆಯಬಹುದು: "ಇಂಥ ವರ್ಷದ ಇಂಥ ತಿಂಗಳಲ್ಲಿ ಎಂಆರ್‌ಐ ಆದ ಹೊರರೋಗಿಗಳ ರಿಜಿಸ್ಟರಿನ ಪ್ರತಿ ಕೊಡಿ. ರೋಗಿಯ ಹೆಸರು, ವಿಳಾಸ, ಕಾಯಿಲೆಯ ವಿವರ ಮುಚ್ಚಿ, ಕೋರಿಕೆ ಬಂದ ದಿನ ಮತ್ತು ಪರೀಕ್ಷೆ ಆದ ದಿನ ಮಾತ್ರ ಕಾಣುವಂತೆ ಕೊಟ್ಟರೆ ಸಾಕು." ಕಳೆಯುವ ಲೆಕ್ಕವನ್ನು ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳೇ ಮಾಡಿಕೊಡುತ್ತಾರೆ.

ಹೆಸರು ಬೇಡ ಎಂದು ನಾವೇ ಬರೆಯುವುದು ಜಾಣತನ. ವೈಯಕ್ತಿಕ ಮಾಹಿತಿಗೆ ಕಾಯ್ದೆಯಲ್ಲಿ ಮೊದಲಿನಿಂದಲೂ ವಿನಾಯಿತಿ ಇತ್ತು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಅದನ್ನು ಇನ್ನಷ್ಟು ಬಿಗಿ ಮಾಡಿದೆ. ಮುಚ್ಚಬೇಕಾದ ಭಾಗ ಮುಚ್ಚಿ ಉಳಿದದ್ದನ್ನು ಕೊಡಿ ಎಂದು ಕೇಳಲು 10ನೇ ಕಲಂ ದಾರಿ ಕೊಡುತ್ತದೆ. ಐದು ವರ್ಷದ ದಾಖಲೆ ಕೇಳುವುದೂ ಬೇಡ. ಒಂದು ವಿಭಾಗ, ಒಂದು ತಿಂಗಳು ಸಾಕು. ಕೊಡುವವರಿಗೂ ಸುಲಭ, ಪುಟಗಳ ಖರ್ಚೂ ಕಡಿಮೆ. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಕಾಯ್ದೆಯಲ್ಲಿ ಶುಲ್ಕ ವಿನಾಯಿತಿ ಇದೆ, ಕಾರ್ಡಿನ ಪ್ರತಿ ಲಗತ್ತಿಸಬೇಕು.

ಭಾಷೆಯದ್ದು ಒಂದು ಸ್ವಾರಸ್ಯ. ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು ಎನ್ನುತ್ತದೆ ಕಾಯ್ದೆ. 1987ರ ಕಾನೂನಿನಂತೆ ಗೋವಾದ ಅಧಿಕೃತ ಭಾಷೆ ದೇವನಾಗರಿ ಲಿಪಿಯ ಕೊಂಕಣಿ, ಮರಾಠಿಗೂ ಆಡಳಿತದಲ್ಲಿ ಜಾಗವಿದೆ. ಕಾರವಾರದ ಕಡೆ ಮನೆಮಾತು ಕೊಂಕಣಿಯೇ ಆದರೂ ಬಹಳ ಮಂದಿ ಶಾಲೆಯಲ್ಲಿ ಕಲಿತ ಲಿಪಿ ಕನ್ನಡ. ಕನ್ನಡ ಅಕ್ಷರದಲ್ಲಿ ಬರೆದ ಕೊಂಕಣಿಯನ್ನು ಪಣಜಿಯಲ್ಲಿ ಓದುವವರು ಯಾರು? ಹಿಂದಿ ಬಲ್ಲವರಿಂದ ದೇವನಾಗರಿಯಲ್ಲಿ ಬರೆಸಿಕೊಂಡರೆ ತೊಂದರೆ ಇಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕೆ ಇಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು ಎಂದೂ ಕಾಯ್ದೆಯಲ್ಲಿದೆ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಇದೇ ಅರ್ಜಿಯನ್ನು ಕನ್ನಡದಲ್ಲಿ ಕೊಡಬಹುದು. ಎರಡೂ ಕಡೆಯ ತಾರೀಕು ಹೋಲಿಸಿ ನೋಡಿದವರಿಗೆ ಎಲ್ಲಿಗೆ ಹೋಗಬೇಕೆಂಬ ಉತ್ತರ ಸಿಗುತ್ತದೆ.

ನಿಜ ಹೇಳಬೇಕೆಂದರೆ ಹೀಗೆ ಅರ್ಜಿ ಹಾಕುವ ಪ್ರಮೇಯವೇ ಬರಬಾರದು. ಜನರಿಗೆ ಬೇಕಾದ ಮಾಹಿತಿಯನ್ನು ಕೇಳುವ ಮೊದಲೇ ಪ್ರಕಟಿಸುತ್ತ ಹೋಗಬೇಕೆಂದು 4ನೇ ಕಲಂ ಹೇಳುತ್ತದೆ. ಗೋವಾದವರು ಸಾವಿರಾರು ಸಂಖ್ಯೆಯಲ್ಲಿ ನೆಲೆಸಿರುವ ಇಂಗ್ಲೆಂಡಿನ ಸ್ವಿಂಡನ್‌ನಂಥ ಊರಿನಲ್ಲಿ, ಯಾವ ವಿಭಾಗದಲ್ಲಿ ಎಷ್ಟು ಜನ ಎಷ್ಟು ವಾರದಿಂದ ಕಾಯುತ್ತಿದ್ದಾರೆ ಎಂಬುದನ್ನು ಸರ್ಕಾರಿ ಆರೋಗ್ಯ ಸೇವೆ ಪ್ರತಿ ತಿಂಗಳು ಪ್ರಕಟಿಸುತ್ತದೆ. ಅಲ್ಲಿನ ಗುರಿ 18 ವಾರ. ನೂರಕ್ಕೆ 92 ಮಂದಿಗಾದರೂ ಅಷ್ಟರೊಳಗೆ ಚಿಕಿತ್ಸೆ ಶುರುವಾಗಬೇಕು. 2016ರಿಂದ ಆ ಗುರಿ ಮುಟ್ಟಿಲ್ಲ ಎನ್ನುವುದೂ ಅದೇ ಪ್ರಕಟಣೆಯಿಂದಲೇ ಲೋಕಕ್ಕೆ ಗೊತ್ತು.

ಅರ್ಜಿಯನ್ನು ಜಿಎಂಸಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಬೇಕು. ಮಡಗಾಂವ್, ಮ್ಹಾಪ್ಸಾದ ಜಿಲ್ಲಾ ಆಸ್ಪತ್ರೆಗಳು ಬರುವುದು ಆರೋಗ್ಯ ಸೇವಾ ನಿರ್ದೇಶನಾಲಯದ ಕೆಳಗೆ. ತಪ್ಪಿ ಬೇರೆ ಕಚೇರಿಗೆ ಕಳಿಸಿದರೂ ಐದು ದಿನದೊಳಗೆ ಸರಿಯಾದ ಕಡೆಗೆ ದಾಟಿಸುವುದು ಅವರ ಕೆಲಸ. ಸ್ಪೀಡ್ ಪೋಸ್ಟ್ ರಸೀದಿ ಎಸೆಯಬಾರದು. 30 ದಿನದಲ್ಲಿ ಉತ್ತರ ಬರಬೇಕು. ತಡವಾದರೆ ಪುಟಗಳಿಗೆ ಹಣ ಕೇಳುವಂತಿಲ್ಲ. ಉತ್ತರ ಬಾರದಿದ್ದರೆ 30 ದಿನದೊಳಗೆ ಅದೇ ಸಂಸ್ಥೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಪಣಜಿಯ ಗೋವಾ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಕಾರಣವಿಲ್ಲದೆ ಸತಾಯಿಸಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಈ ಅರ್ಜಿಯಿಂದ ಚೀಟಿಯಲ್ಲಿರುವ ತಾರೀಕು ಮುಂದಕ್ಕೆ ಬರುವುದಿಲ್ಲ. ಜೀವಕ್ಕೆ ಸಂಬಂಧಿಸಿದ ಮಾಹಿತಿ 48 ಗಂಟೆಯಲ್ಲಿ ಕೊಡಬೇಕು ಎಂಬ ನಿಯಮ ಇದೆಯಾದರೂ ಅದೂ ಮಾಹಿತಿಗೆ ಮಾತ್ರ, ಚಿಕಿತ್ಸೆಗಲ್ಲ. ನೋವು ಹೆಚ್ಚಾದವರು ಉತ್ತರಕ್ಕೆ ಕಾಯದೆ ವೈದ್ಯಕೀಯ ಅಧೀಕ್ಷಕರನ್ನು ನೇರವಾಗಿ ಕಾಣಬೇಕು. ಅರ್ಜಿಗೆ ಬಂದ ಉತ್ತರದ ಒಂದು ಪ್ರತಿಯನ್ನು ಊರಿನ ಪಂಚಾಯ್ತಿಯಲ್ಲಿ ಇಟ್ಟರೆ, ಮುಂದಿನ ವಾರ ಬಾಂಬೋಳಿ ಬಸ್ ಹತ್ತುವ ಪಕ್ಕದ ಮನೆಯವರಿಗೆ ಅದು ಬೇಕಾಗುತ್ತದೆ.