80 ಎಚ್‌ಪಿ ಕೊಂಡು 15ರಲ್ಲಿ ಓಡಿಸುವವರು

ಭಾವನ ಹೊಸ ಕಾರಿನಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಐದು ಜನ, ಡಿಕ್ಕಿ ತುಂಬ ಲಗೇಜು, ಸಾಲದ್ದಕ್ಕೆ ಏಸಿ. 14 ತಿರುವುಗಳಲ್ಲಿ ಏಳನೆಯದಕ್ಕೆ ಬರುವಷ್ಟರಲ್ಲಿ ಗಾಡಿ ಗಡಗಡ ನಡುಗಿ ನಿಂತೇಬಿಟ್ಟಿತು. “80 ಎಚ್‌ಪಿ ಏನಕ್ಕೂ ಸಾಲಲ್ಲ ಮಾರಾಯ, 120ರದ್ದೇ ತಗೋಬೇಕಿತ್ತು” ಅಂತ ಭಾವ ಗೊಣಗುತ್ತಿರುವಾಗಲೇ ಹಳೇ ಓಮ್ನಿಯೊಂದು ಏಳೆಂಟು ಜನರನ್ನು ತುಂಬಿಕೊಂಡು ಕಿರ್ರೆನ್ನುತ್ತ ನಮ್ಮನ್ನು ದಾಟಿ ಹೋಯಿತು. ಅದರ ಇಂಜಿನ್ 796 ಸಿಸಿ, ಶಕ್ತಿ 35 ಎಚ್‌ಪಿ ಆಸುಪಾಸು.

ನಮ್ಮ ಗಾಡಿ ಇದ್ದದ್ದು ಮೂರನೇ ಗೇರಿನಲ್ಲಿ.

ಶೋರೂಮಿನವರು ಹೇಳುವ 80 ಎಚ್‌ಪಿ ಸುಳ್ಳಲ್ಲ. ಆದರೆ ಅದು ಸಿಗುವುದು ಇಂಜಿನ್ ನಿಮಿಷಕ್ಕೆ ಸುಮಾರು 6,000 ಸುತ್ತು ತಿರುಗಿದಾಗ. 1,000 ಸುತ್ತಿನಲ್ಲಿ ಅದೇ ಇಂಜಿನ್ ಕೊಡುವುದು ಹೆಚ್ಚೆಂದರೆ 10–12. ಮೈಲೇಜ್ ಹೋಗುತ್ತದೆಂದು ಗಾಡಿ ಹೊರಡುವ ಮುಂಚೆಯೇ ಗೇರ್ ಏರಿಸುವ ನಮಗೆ ಉಳಿದ ಎಚ್‌ಪಿಗಳ ಮುಖಪರಿಚಯವೇ ಇರುವುದಿಲ್ಲ. ‘ಪಿಕಪ್ ಇಲ್ಲ’ ಎಂಬ ದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಡಗೈಯ ಸೋಮಾರಿತನ ಎಂಬುದು ನನ್ನ ಅನುಮಾನ.

‘ಹೈವೇಗೆ 100 ಎಚ್‌ಪಿ ಆದರೂ ಬೇಕು’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಟನ್ ತೂಗುವ ಸಣ್ಣ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದೇ ಸಮ ಓಡಲು ಬೇಕಾದದ್ದು 10–12 ಎಚ್‌ಪಿ. ಅಡಿಕೆ ತೋಟಕ್ಕೆ ನೀರು ಹಾಯಿಸುವ ಪಂಪ್‌ಸೆಟ್ಟಿನಷ್ಟು! ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿಯಾದ 100ರಲ್ಲಿ ಹೋದರೂ 20ರ ಒಳಗೇ ಮುಗಿಯುತ್ತದೆ. ಅದರಾಚೆಗೆ ಹೊಟ್ಟೆಬಾಕತನ ಶುರು: ವೇಗ ದುಪ್ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಘಾಟಿಯಲ್ಲಿ ಎದುರಾಳಿ ಗಾಳಿಯಲ್ಲ, ತೂಕ. ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ, ಜನ-ಲಗೇಜು ಸೇರಿ 1,300 ಕೆ.ಜಿ.ಯ ಗಾಡಿಯನ್ನು 30ರ ವೇಗದಲ್ಲಿ ಎಳೆಯಲು, ಏಸಿಯ ಪಾಲೂ ಸೇರಿ, ಸುಮಾರು 20 ಎಚ್‌ಪಿ.

ಹಾಗಾದರೆ ಹೆಚ್ಚಿನ ಶಕ್ತಿ ದಂಡವೇ? ಅಲ್ಲ. ಎರಡು ಪಥದ ರಸ್ತೆಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡಾಗ ಅದರ ಬೆಲೆ ಗೊತ್ತಾಗುತ್ತದೆ. ಅದೇ 1,300 ಕೆ.ಜಿ.ಯನ್ನು 50ರಿಂದ 80ಕ್ಕೆ ಎಂಟು ಸೆಕೆಂಡಿನಲ್ಲಿ ಏರಿಸಲು 40 ಎಚ್‌ಪಿ ಸಾಕು. ಐದೇ ಸೆಕೆಂಡಿನಲ್ಲಿ ಆಗಬೇಕೆಂದರೆ 60 ದಾಟುತ್ತದೆ. ಎದುರಿನಿಂದ ಬಸ್ಸು ಕಾಣಿಸಿದಾಗ ಆ ಮೂರು ಸೆಕೆಂಡು ಸಣ್ಣದಲ್ಲ. ಹಾಗಾಗಿ ಸದಾ ತುಂಬಿದ ಗಾಡಿಯಲ್ಲಿ ಊರೂರು ತಿರುಗುವವರು ಟನ್ನಿಗೆ 70–80 ಎಚ್‌ಪಿ ನೋಡಿಕೊಳ್ಳುವುದು ಒಳ್ಳೆಯದು. ಆಫೀಸು, ಮಾರ್ಕೆಟ್ಟು, ಮಕ್ಕಳ ಸ್ಕೂಲಿಗಾದರೆ ಟನ್ನಿಗೆ 50–60 ಧಾರಾಳ; ಒಂದು ಪೀಳಿಗೆಯೇ ಕಾರು ಕಲಿತ ಮಾರುತಿ 800ರಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ.

‘ಸಿಸಿ ಜಾಸ್ತಿಯಾದರೆ ದಮ್ಮು ಜಾಸ್ತಿ’ ಎಂಬುದಂತೂ ಹಳೇ ಕಾಲದ ಮಾತು. ಅಂಬಾಸಿಡರಿನ 1,489 ಸಿಸಿ ಪೆಟ್ರೋಲ್ ಇಂಜಿನ್ ಕೊಡುತ್ತಿದ್ದದ್ದು 50 ಎಚ್‌ಪಿ ಹತ್ತಿರ. ಈಗಿನ 998 ಸಿಸಿ ಟರ್ಬೊ ಇಂಜಿನ್ 120ರಷ್ಟು ಕೊಡುತ್ತದೆ. ಆದರೆ ಸುತ್ತು ತೀರಾ ಇಳಿದರೆ ಟರ್ಬೊಗೂ ಉಸಿರು ಹತ್ತುವುದಿಲ್ಲ. ಭಾವ 120ರದ್ದೇ ಕೊಂಡಿದ್ದರೂ ಆ ತಿರುವಿನಲ್ಲಿ ಗೇರ್ ಇಳಿಸದೆ ದಾರಿ ಇರಲಿಲ್ಲ.

ಕೊನೆಗೆ ಏಸಿ ಆರಿಸಿ, ತಿರುವುಗಳಲ್ಲಿ ಒಂದಕ್ಕೆ, ಮಿಕ್ಕೆಡೆ ಎರಡಕ್ಕೆ ಹಾಕಿ ಉಳಿದ ಏಳು ತಿರುವು ಹತ್ತಿದೆವು. ಮೇಲೆ ಟೀ ಅಂಗಡಿ ಮುಂದೆ ಅದೇ ಓಮ್ನಿ ನಿಂತಿತ್ತು. ಭಾವ ಅದರತ್ತ ನೋಡಲೇ ಇಲ್ಲ. ಫೋನಿನಲ್ಲಿ ಟರ್ಬೊ ಗಾಡಿಯ ಆನ್‌ರೋಡ್ ಬೆಲೆ ಹುಡುಕುತ್ತಿದ್ದರು.